ಎಳೆಗರುಗಳಿಗೂ ಮರಿಗಳಿಗೂ ಹಾವು ಮುಟ್ಟಿದಾಗ

ದನಕ್ಕೆ ಕಾಲುಬಾಯಿ ಜ್ವರ ತಗಲಿದರೆ ರೈತನು ಡಾಕ್ಟರನ್ನು ವಿಚಾರಿಸುತ್ತಾನೆ. ಕುರಿಗೆ ಹೊಟ್ಟೆಯುಬ್ಬರವಾದರೆ ಎಣ್ಣೆ ಹುಡುಕುತ್ತಾನೆ. ಕರುವಿಗೆ ಹಾವು ಮುಟ್ಟಿತೆಂದರೆ ಮಾತ್ರ, ಅದರ ಋಣ ತೀರಿತೆಂದು ಕೈಕಟ್ಟಿ ಕುಳಿತುಕೊಳ್ಳುವುದು, ಇಲ್ಲವೆ ಮಂತ್ರ ಹಾಕುವವರನ್ನು ಕರೆತರಲು ಆಳನ್ನು ಓಡಿಸುವುದು, ಈ ಎರಡೇ ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿವೆ. ಎರಡರಿಂದಲೂ ವಿಷವೇರಿದ ಕರು ಉಳಿಯುವುದಿಲ್ಲ. ಹಾವಿನ ವಿಷಕ್ಕೆ ನಿಜವಾದ ಪ್ರತ್ಯೌಷಧವೆಂಬುದು ಒಂದೇ ಒಂದು ಇದೆ. ಅದು ಸೂಜಿಯ ಮೂಲಕ ರಕ್ತನಾಳದೊಳಕ್ಕೆ ಹೋಗತಕ್ಕದ್ದು. ಕಚ್ಚಿದ ಗಳಿಗೆಗೂ ಆ ಸೂಜಿಗೂ ನಡುವಣ ಹೊತ್ತು ಎಷ್ಟು ಕಡಿಮೆಯೋ ಕರು ಬದುಕುವ ಸಂಭವ ಅಷ್ಟು ಹೆಚ್ಚು. ಹಳ್ಳಿಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಉಪಚಾರಗಳಲ್ಲಿ ಬಹುಪಾಲು ಈ ಹೊತ್ತನ್ನು ತಿಂದುಹಾಕುವುವು. ಕೆಲವಂತೂ ಕರುವನ್ನೇ ಕೊಲ್ಲುವುವು. ಈ ಸಂಗತಿಯನ್ನು ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ವಿಶದಪಡಿಸುವುದಕ್ಕಾಗಿ ಈ ಪತ್ರಿಕೆಯು ಬರೆಯಲ್ಪಟ್ಟಿದೆ.

ಎಳೆಯವುಗಳಿಗೆ ಅಪಾಯ ಹೆಚ್ಚೇಕೆ

ಬಲಿತ ಹಸುವಾಗಲಿ ಎತ್ತಾಗಲಿ ಹಾವನ್ನು ಕಂಡರೆ ಸಾಮಾನ್ಯವಾಗಿ ಬೆದರಿ ಹಿಂದಕ್ಕೆ ಸರಿಯುವುದು. ಎಳೆಗರುವಿಗೆ ಆ ಅನುಭವವಿಲ್ಲ. ಕಣ್ಣೆದುರಿಗೆ ಹರಿದಾಡುವುದನ್ನೆಲ್ಲ ಮೂಸಿ ನೋಡಬೇಕೆಂಬುದು ಅದರ ಸ್ವಭಾವ. ಆದಕಾರಣ ಕರು, ಕುರಿಮರಿ, ಮೇಕೆಮರಿ, ಕುದುರೆಮರಿ ಇವುಗಳಿಗೆ ಮುಸುಡಿ, ತುಟಿ, ಕೆನ್ನೆಗಳ ಮೇಲೆ ಕಡಿತ ಬೀಳುವುದು ಸಾಮಾನ್ಯ. ಮೇಯುತ್ತಿರುವಾಗ ಹುಲ್ಲಿನಲ್ಲಿ ಸುರುಳಿ ಸುತ್ತಿಕೊಂಡ ಮಂಡಲದ ಹಾವನ್ನು ತುಳಿದರೆ ಗೊರಸಿನ ಮೇಲ್ಗಡೆ ಕಾಲಿಗೆ ಬೀಳುವುದೂ ಉಂಟು. ಎರಡರಲ್ಲಿ ಮುಸುಡಿಯ ಕಡಿತವೇ ಹೆಚ್ಚು ಕೆಟ್ಟದ್ದು. ಏಕೆಂದರೆ ಊತವು ಮೂಗಿನ ಹೊಳ್ಳೆಗಳಿಗೂ ಗಂಟಲಿಗೂ ಇಳಿದು, ವಿಷವು ತನ್ನ ಕೆಲಸವನ್ನು ಪೂರೈಸುವುದಕ್ಕೆ ಮುಂಚೆಯೇ ಪ್ರಾಣಿಯು ಉಸಿರುಕಟ್ಟಿ ಸಾಯಬಹುದು.

ಎರಡನೆಯ ಕಾರಣವು ಲೆಕ್ಕಕ್ಕೆ ಸೇರಿದ್ದು. ಎದುರಿಗಿರುವುದು ಎತ್ತೋ ಕರುವೋ ಎಂದು ಅಳೆದು ನೋಡಿ ಹಾವು ವಿಷ ಬಿಡುವುದಿಲ್ಲ. ಬಲಿತ ಕೊಳಕುಮಂಡಲವು ಒಂದು ಸಂಪೂರ್ಣ ಕಡಿತದಲ್ಲಿ ಬಿಡುವ ವಿಷವನ್ನು ಸುಮಾರಿಗೆ 60 ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ. 400 ಕಿಲೋ ತೂಗುವ ಎತ್ತಿನ ಮೈಯಲ್ಲಿ ಅದು ಹರಡಿದರೆ ಕಿಲೋವೊಂದಕ್ಕೆ 0.15 ಮಿಲಿಗ್ರಾಂ ಬೀಳುವುದು. 40 ಕಿಲೋ ತೂಗುವ ಕರುವಿಗಾದರೆ 1.5 ಮಿಲಿಗ್ರಾಂ. 8 ಕಿಲೋ ತೂಗುವ ಕುರಿಮರಿಗಾದರೆ 7.5 ಮಿಲಿಗ್ರಾಂ. ಒಂದೇ ಹಾವು, ಒಂದೇ ಕಡಿತ. ಎತ್ತಿಗಿಂತ ಕರುವಿನ ಪಾಲಿಗೆ ಹತ್ತುಪಟ್ಟು, ಮರಿಯ ಪಾಲಿಗೆ ಐವತ್ತುಪಟ್ಟು ವಿಷ. ಹಾವು ಕಚ್ಚಿದ ಎತ್ತು ಎರಡು ದಿವಸ ಊದಿಕೊಂಡಿದ್ದು ತಾನಾಗಿಯೇ ಚೇತರಿಸಿಕೊಂಡ ದೃಷ್ಟಾಂತಗಳು ಊರೂರಿನಲ್ಲಿ ಕೇಳಬರುತ್ತವೆ. ಅವು ಸುಳ್ಳಲ್ಲ. ಆದರೆ ಎತ್ತಿನ ದೃಷ್ಟಾಂತವನ್ನು ನಂಬಿ ಕರುವನ್ನು ಕೊಟ್ಟಿಗೆಯಲ್ಲಿಯೇ ಬಿಡುವುದು ಸರಿಯಾದ ಲೆಕ್ಕವಲ್ಲ.

ಇದೇ ಲೆಕ್ಕದಿಂದ ಮತ್ತೊಂದು ಸಂಗತಿಯು ಹೊರಡುವುದು. ಜ್ವರಕ್ಕೂ ಜಂತುಹುಳುವಿಗೂ ಕೊಡುವ ಔಷಧವನ್ನು ಪ್ರಾಣಿಯ ತೂಕ ನೋಡಿ ಕಡಿಮೆ ಮಾಡುವುದುಂಟು. ವಿಷದ ಪ್ರತ್ಯೌಷಧಕ್ಕೆ ಈ ನಿಯಮವು ಸಲ್ಲದು. ಅದು ನಿವಾರಿಸಬೇಕಾದದ್ದು ಕರುವಿನ ತೂಕವನ್ನಲ್ಲ, ಒಳಹೊಕ್ಕಿರುವ ವಿಷವನ್ನು. “ಚಿಕ್ಕ ಕರುವಲ್ಲವೆ, ಅರ್ಧ ಸೀಸೆ ಸಾಕು ಸ್ವಾಮಿ” ಎಂದು ಖರ್ಚಿನ ಭಯದಿಂದ ಡಾಕ್ಟರೊಡನೆ ವಾದಿಸುವವರನ್ನು ನಾನು ಅನೇಕಾವರ್ತಿ ನೋಡಿದ್ದೇನೆ. ಅವರ ಕಷ್ಟವು ನನಗೆ ಅರ್ಥವಾಗುತ್ತದೆ; ಆದರೂ ಎತ್ತಿಗೆ ಎಷ್ಟು ಬೇಕೋ ಕರುವಿಗೂ ಅಷ್ಟೇ ಬೇಕೆಂಬುದನ್ನು ಮೊದಲೇ ತಿಳಿದುಕೊಂಡಿದ್ದರೆ ಆ ವಾದದಲ್ಲಿ ಹೊತ್ತು ಹೋಗದು.

ಹಾವುಗಳ ವಿಷಯ

ನಮ್ಮ ದೇಶದಲ್ಲಿ 300ರ ಸುಮಾರು ಬಗೆಯ ಹಾವುಗಳಿವೆ. ಅವುಗಳಲ್ಲಿ ವಿಷದವು ಐದನೆಯ ಒಂದು ಪಾಲಿನಷ್ಟು ಮಾತ್ರ. ಬಯಲುಸೀಮೆಯ ಹೊಲಗದ್ದೆಗಳಲ್ಲಿಯೂ ಹಟ್ಟಿಗಳಲ್ಲಿಯೂ ಮುಖ್ಯವಾಗಿ ಭಯಪಡಬೇಕಾದವು ನಾಲ್ಕು. ಹೆಡೆಯೆತ್ತುವ ನಾಗರಹಾವನ್ನು ವರ್ಣಿಸಬೇಕಾದ್ದಿಲ್ಲ; ಇಲಿಯನ್ನು ಅರಸಿಕೊಂಡು ಅದು ಕೊಟ್ಟಿಗೆಗೂ ಬಣವೆಗೂ ಬರುವುದು. ಕೊಳಕುಮಂಡಲವು ದಪ್ಪ ಮೈಯದು, ಬೆನ್ನಮೇಲೆ ಸರಪಣಿಯಂತೆ ಸಾಲಾಗಿ ಕಂದುಬಣ್ಣದ ಮಚ್ಚೆಗಳುಳ್ಳದ್ದು. ಕೆಣಕಿದರೆ ಕುಕ್ಕರಿನ ಆವಿಯಂತೆ ಗಟ್ಟಿಯಾಗಿ ಬುಸುಗುಟ್ಟುವುದು. ಬದುಗಳ ಹುಲ್ಲು, ಕಬ್ಬಿನ ತೋಟದ ರವದಿ, ಕಳ್ಳಿಬೇಲಿ ಇವು ಅದರ ಬೀಡು. ಇದು ಮೊಟ್ಟೆಯಿಡದೆ ಮರಿಗಳನ್ನೇ ಈಯುವುದು. ಒಂದೊಂದು ಸಲಕ್ಕೆ ಇಪ್ಪತ್ತು ಮೂವತ್ತು ಮರಿಗಳು. ಮುಂಗಾರಿನ ಹೊತ್ತಿಗೆ ಬದುಗಳಲ್ಲಿ ಹರಿದಾಡುವ ಈ ಗೇಣುದ್ದದ ಮರಿಗಳಿಗೂ ಹುಟ್ಟಿದಾರಭ್ಯ ವಿಷವುಂಟೆಂಬುದನ್ನು ಮರೆಯಬಾರದು. ಕಟ್ಟುಹಾವು ಹೊಳೆಯುವ ಕಪ್ಪುಮೈಗೆ ತೆಳ್ಳಗಿನ ಬಿಳಿಯ ಪಟ್ಟೆಗಳುಳ್ಳದ್ದು, ರಾತ್ರಿಯಲ್ಲಿಯೇ ಸಂಚರಿಸುವುದು. ನಾಲ್ಕನೆಯದಾದ ಗರಗಸಮಂಡಲವು ಮೊಳದುದ್ದ ಬೆಳೆಯುವ ಸಣ್ಣ ಹಾವು. ಚಿತ್ರದುರ್ಗ, ಬಳ್ಳಾರಿ, ರಾಯಚೂರು ಕಡೆಗಳಂಥಾ ಒಣನೆಲದ ಕಲ್ಲುಗಳ ಸಂದುಗಳಲ್ಲಿ ಇರುವುದು. ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂಥಾ ಸದ್ದು ಮಾಡುವುದು. ಕುರಿಯ ಹಿಂಡು ಮೇಯುವ ಗುಡ್ಡಗಳಲ್ಲಿ ಮರಿಗಳಿಗೆ ಇದರಿಂದಲೇ ಅಪಾಯ.

ಕೇರೆಹಾವಿನ ವಿಷಯವಾಗಿ ಇಲ್ಲಿಯೇ ಒಂದು ಮಾತು ಹೇಳತಕ್ಕದ್ದಿದೆ. ಅದು ಹಸುವಿನ ಹಿಂಗಾಲುಗಳಿಗೆ ಸುತ್ತಿಕೊಂಡು ಹಾಲು ಹೀರುವುದೆಂದು ಹಳಬರು ಈಗಲೂ ಹೇಳುವುದುಂಟು. ಹಾವಿಗೆ ಹೀರುವುದಕ್ಕೆ ತಕ್ಕ ತುಟಿಯಿಲ್ಲ; ಅದರ ಹಿಮ್ಮುಖವಾದ ಚೂಪು ಹಲ್ಲುಗಳು ಮೊಲೆಗೆ ತಗಲಿದರೆ ಹಸು ನಿಂತೀತೆ? ಹಾಲು ಇದ್ದಕ್ಕಿದ್ದಂತೆ ಇಳಿಯಿತು, ಮೊಲೆಯಲ್ಲಿ ರಕ್ತ ಬಂದಿತು ಎಂದರೆ ಅದು ಕೆಚ್ಚಲು ಬಾವಿನ ಗುರುತು. ಅದಕ್ಕೆ ಚಿಕಿತ್ಸೆ ಮಾಡಿಸಬೇಕೇ ಹೊರತು ಕೇರೆಹಾವನ್ನು ಹೊಡೆಯಲಾಗದು. ವರ್ಷಪೂರ್ತಿ ಇಲಿ ಹಿಡಿದು ರೈತನ ಕಾಳನ್ನು ಉಳಿಸುವ ಆಳಿಗೆ ನಾವು ಕೊಡುವ ಕೂಲಿ ದೊಣ್ಣೆಯೇಟು.

ಗುರುತುಗಳು

ಮಂಡಲದ ಹಾವು ಕಚ್ಚಿದರೆ ಆ ಸ್ಥಳವು ಸ್ವಲ್ಪ ಹೊತ್ತಿನಲ್ಲಿಯೇ ಊದತೊಡಗಿ ಗಂಟೆಗಂಟೆಗೂ ಹರಡುವುದು. ಮುಟ್ಟಿದರೆ ಕರು ನೋವಿನಿಂದ ಸೆಳೆದುಕೊಳ್ಳುವುದು. ಹಲ್ಲಿನ ಗುರುತಿನಿಂದ ನೀರಾದ ರಕ್ತ ಜಿನುಗುತ್ತಲೇ ಇರುವುದು. ವಿಷವೇರಿದಂತೆಲ್ಲ ವಸಡಿನಲ್ಲಿ ರಕ್ತ, ಮೂತ್ರದಲ್ಲಿ ಕೆಂಪು ಅಥವಾ ಕಾಫಿಯ ಬಣ್ಣ ಕಾಣಿಸಬಹುದು. ಇದಕ್ಕೆ ಕಾರಣವೇನೆಂದರೆ, ಈ ವಿಷವು ರಕ್ತವು ಹೆಪ್ಪುಗಟ್ಟುವ ಗುಣವನ್ನೇ ಕೆಡಿಸಿಬಿಡುವುದು. ಪಶುವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಾಗಿಸಿ ನೋಡುವರು. ಆಗಲೂ ಅದು ನೀರಿನಂತೆ ಹರಿದರೆ ಮಂಡಲದ ವಿಷವೇರಿದೆಯೆಂದು ಬಲವಾಗಿ ಊಹಿಸುವರು.

ನಾಗರಹಾವಿನ ವಿಷವು ನರಗಳ ಅಪ್ಪಣೆಯನ್ನು ಮಾಂಸಖಂಡಗಳಿಗೆ ಮುಟ್ಟಗೊಡದು. ಕಣ್ಣಿನ ರೆಪ್ಪೆಗಳು ಜೋಲುವುವು, ಜೊಲ್ಲು ಸುರಿಯುವುದು, ಏಕೆಂದರೆ ಕರುವಿಗೆ ನುಂಗುವ ಶಕ್ತಿ ಹೋಗಿರುವುದು, ಹಿಂಗಾಲುಗಳು ತೊಡರುವುವು, ಕಡೆಗೆ ಎದೆಯ ಸ್ನಾಯುಗಳು ಸೋತು ಉಸಿರಾಟವು ನಿಲ್ಲುವುದು. ಕಚ್ಚಿದ ಜಾಗವು ಊದಿ ಕಪ್ಪಾಗುವುದೂ ಉಂಟು. ಕಟ್ಟುಹಾವಿನದೂ ಇದೇ ಜಾತಿಯ ವಿಷವಾದರೂ ಅಲ್ಲಿ ಊತವಾಗಲಿ ನೋವಾಗಲಿ ಇರುವುದೇ ಅಪರೂಪ. ರಾತ್ರಿ ಚೆನ್ನಾಗಿದ್ದ ಕರು ಬೆಳಗ್ಗೆ ಕುತ್ತಿಗೆ ಎತ್ತಲಾರದೆ ಬಿದ್ದಿದ್ದರೆ ಇದನ್ನು ಶಂಕಿಸಬಹುದು.

ಹಲ್ಲಿನ ಗುರುತು ರೋಮದಲ್ಲಿ ಮುಚ್ಚಿಹೋಗುವುದರಿಂದ ಅದು ಕಾಣಲಿಲ್ಲವೆಂಬುದು ಹಾವು ಕಚ್ಚಿಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು. ಎರಡು ಗುರುತಿದ್ದರೆ ವಿಷದ ಹಾವು, ಒಂದಿದ್ದರೆ ಅಲ್ಲ ಎಂಬ ಎಣಿಕೆಯೂ ನಂಬತಕ್ಕದ್ದಲ್ಲ.

ಹಾವಲ್ಲದೆ ಹಾವಿನ ಹೆಸರು ಹೊತ್ತವು

ಈ ಭಾಗವನ್ನು ಗ್ರಾಮದ ಮುಖಂಡರು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಹಳ್ಳಿಯಲ್ಲಿ ಹಠಾತ್ತಾಗಿ ಸತ್ತ ಕರುವಿನ ಸಾವು ಬಹುಮಟ್ಟಿಗೆ ಹಾವಿನ ಲೆಕ್ಕಕ್ಕೆ ಹೋಗುವುದು. ಕೆಲವು ವರ್ಷಗಳ ಕೆಳಗೆ ಕೆರೆಯ ಅಂಚಿನ ಒಂದು ಗ್ರಾಮದಲ್ಲಿ ಎಂಟು ದಿವಸಗಳೊಳಗಾಗಿ ಐದು ಕಡಸುಗಳು ಸತ್ತುವು. ಎಲ್ಲವೂ ಒಂದು ವರ್ಷದ ಆಸುಪಾಸಿನವು, ಚೆನ್ನಾಗಿ ಮೈಗೂಡಿದವು. ಅದೇ ಮೇವಿನ ಬಯಲಿನಲ್ಲಿ ಹುತ್ತವೊಂದು ಇದ್ದದ್ದರಿಂದ ನಾಗನ ಕೋಪವೆಂದು ಹುತ್ತಕ್ಕೆ ತನಿಯೆರೆದದ್ದೂ ಆಯಿತು, ಕೆಲವರು ಗಡಾರಿಯಿಂದ ಹುತ್ತವನ್ನು ಅಗೆಯಲು ಹೊರಟದ್ದೂ ಆಯಿತು. ಆರನೆಯ ಕಡಸು ಕುಂಟತೊಡಗಿದಾಗ ಪಶುವೈದ್ಯರು ಬಂದು ಊದಿದ ತೊಡೆಯನ್ನು ಬೆರಳಿನಿಂದ ಒತ್ತಿದರು. ಒಣಗಿದ ಎಲೆಯನ್ನು ತುಳಿದಂತೆ ಚರಚರನೆ ಸದ್ದಾಯಿತು. ಅದು ಚಪ್ಪೆರೋಗ. ಮಣ್ಣಿನಲ್ಲಿರುವ ಸೂಕ್ಷ್ಮಾಣುವಿನಿಂದ, ಮಳೆ ಬಿದ್ದ ಕಾಲದಲ್ಲಿ, ಆರು ತಿಂಗಳಿಂದ ಎರಡು ವರ್ಷದವರೆಗಿನ ದಷ್ಟಪುಷ್ಟವಾದ ಕರುಗಳಿಗೇ ಹೆಚ್ಚಾಗಿ ಬರುವ ರೋಗ. ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಿದ್ದರೆ ಆ ಐದು ಕಡಸುಗಳೂ ಉಳಿಯಬಹುದಾಗಿತ್ತು. ಮೊದಲನೆಯ ಸಾವನ್ನು ಹಾವಿನ ಮೇಲೆ ಹೊರಿಸದಿದ್ದರೆ ಕೊನೆಯ ಮೂರಾದರೂ ಉಳಿಯುತ್ತಿದ್ದುವು.

ಗಳಲೆರೋಗದಲ್ಲಿ ಗಂಟಲು ಊದಿ ಜೊಲ್ಲು ಸುರಿಯುವುದರಿಂದ ಅದು ಮುಸುಡಿಗೆ ಕಚ್ಚಿದ ಕರುವಿನಂತೆಯೇ ಕಾಣುವುದು. ವ್ಯತ್ಯಾಸವೆಂದರೆ ಗಳಲೆಯಲ್ಲಿಯೂ ಚಪ್ಪೆಯಲ್ಲಿಯೂ ಪ್ರಾರಂಭದಲ್ಲಿ ಜ್ವರ ಬಲವಾಗಿರುವುದು. ಎಳೆಯ ಜೋಳದ ಪೈರನ್ನೋ ಮಳೆಯಿಲ್ಲದೆ ಬಾಡಿದ ಕುಳೆಜೋಳವನ್ನೋ ಮೇಯ್ದ ದನವು ಕೆಲವೇ ನಿಮಿಷಗಳಲ್ಲಿ ಉಸಿರಿಗೆ ಒದ್ದಾಡಿ ಬೀಳುವುದುಂಟು. ಅದು ಪೈರಿನಲ್ಲಿಯೇ ಹುಟ್ಟುವ ಸಯನೈಡ್ ವಿಷ. ಬೇಗನೆ ಬಂದರೆ ಪಶುವೈದ್ಯರ ಬಳಿ ಅದಕ್ಕೂ ಔಷಧವುಂಟು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ನೆರಡಿರೋಗ. ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಹರಿಯುತ್ತಿದ್ದರೆ ಅದನ್ನು ಮಂಡಲದ ವಿಷವೆಂದು ತೀರ್ಮಾನಿಸಿ ಚರ್ಮ ಸುಲಿಯಲು ಕೊಡಲೇಬಾರದು. ಈ ರೋಗವು ಮನುಷ್ಯರಿಗೂ ತಗಲಿ ಪ್ರಾಣ ತೆಗೆಯುವುದು. ಅಂಥಾ ಹೆಣವನ್ನು ಕೊಯ್ಯದೆ, ಎಳೆದಾಡದೆ, ನಾಯಿಗಳು ಮುಟ್ಟದಂತೆ ಕಾದು, ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದ ರೀತಿಯಲ್ಲಿಯೇ ಸುಡುವುದು ಅಥವಾ ಸುಣ್ಣ ಹಾಕಿ ಆಳವಾಗಿ ಹೂಳುವುದು ಮಾಡತಕ್ಕದ್ದು.

ಚಪ್ಪೆಗೂ ಗಳಲೆಗೂ ಲಸಿಕೆಗಳು ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರದ ಸಂಸ್ಥೆಯಲ್ಲಿಯೇ ತಯಾರಾಗುತ್ತವೆ. ಹಾವಿನ ವಿಷಕ್ಕೆ ಇಂಥಾ ಮುಂಗಡ ಲಸಿಕೆಯು ನಮ್ಮಲ್ಲಿ ಇಲ್ಲ.

ಕಚ್ಚಿದೊಡನೆ ಮಾಡತಕ್ಕದ್ದು

ಮೊದಲನೆಯದಾಗಿ ಕರುವನ್ನು ನಡೆಸಲಾಗದು, ಓಡಿಸಲಂತೂ ಆಗದು. ಅದು ಹೆಜ್ಜೆಯಿಟ್ಟಷ್ಟೂ ಮಾಂಸಖಂಡಗಳು ಹಿಂಡಿದಂತಾಗಿ ವಿಷವು ಬೇಗ ಏರುವುದು. ತಾಯಿಯ ಎದುರಿನಲ್ಲಿಯೇ, ಗದ್ದಲವಿಲ್ಲದ ನೆರಳಿನಲ್ಲಿ ನಿಲ್ಲಿಸಿ ಅಥವಾ ಮಲಗಿಸಿ, ಕೊರಳಹಗ್ಗ, ಮುಖದ ಕುಣಿಕೆ, ಗೆಜ್ಜೆ, ಕಾಲಿನ ಕಟ್ಟು ಮೊದಲಾದುವನ್ನೆಲ್ಲ ತಕ್ಷಣವೇ ಬಿಚ್ಚಿ ಹಾಕಬೇಕು. ಅರ್ಧ ಗಂಟೆಯ ಮೇಲೆ ಊತದಲ್ಲಿ ಹಗ್ಗವು ಹೂತುಹೋಗಿ ಕುಡುಗೋಲಿನಿಂದ ಕೊಯ್ಯಬೇಕಾಗಿ ಬಂದದ್ದನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು. ಬಳಿಕ ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟುಕೊಂಡು, ಊತದ ಅಂಚಿಗೆ ಸುಣ್ಣದಿಂದ ಒಂದು ಗೆರೆ ಎಳೆಯುವುದು ಒಳ್ಳೆಯದು. ಆಸ್ಪತ್ರೆ ತಲಪುವಷ್ಟರಲ್ಲಿ ಊತವು ಗೆರೆಯನ್ನು ಎಷ್ಟು ದಾಟಿದೆಯೆಂಬುದು ಡಾಕ್ಟರಿಗೆ ನಮ್ಮ ನೂರು ಮಾತಿಗಿಂತ ಹೆಚ್ಚು ತಿಳಿಸುವುದು.

ಇಷ್ಟರಲ್ಲಿಯೇ ಇನ್ನೊಬ್ಬರು ದೂರವಾಣಿಯಲ್ಲಿ ಪಶು ಆಸ್ಪತ್ರೆಯನ್ನು ವಿಚಾರಿಸುತ್ತಿರಬೇಕು. 1962 ಎಂಬ ಸಂಖ್ಯೆಯು ಜಾನುವಾರುಗಳ ತುರ್ತು ಚಿಕಿತ್ಸೆಗಾಗಿಯೇ ಇರುವುದು, ಕರೆಗೆ ಖರ್ಚಿಲ್ಲ. ಕೇಳಬೇಕಾದ ಪ್ರಶ್ನೆಯು “ಡಾಕ್ಟರು ಇದ್ದಾರೆಯೆ” ಎಂಬುದೊಂದೇ ಅಲ್ಲ. “ಹಾವಿನ ವಿಷದ ಪ್ರತ್ಯೌಷಧದ ಸೀಸೆ ಇದೆಯೆ, ಇಲ್ಲದಿದ್ದರೆ ಯಾವ ಔಷಧದ ಅಂಗಡಿಯಲ್ಲಿ ದೊರೆಯುವುದು” ಎಂಬುದೇ ಮುಖ್ಯ. ಎಲ್ಲ ಪಶು ಆಸ್ಪತ್ರೆಗಳಲ್ಲಿಯೂ ಅದು ಸದಾ ಇರುವುದಿಲ್ಲ. ಕರುವನ್ನು ಹತ್ತು ಮೈಲಿ ಸಾಗಿಸಿದ ಮೇಲೆ ಸೀಸೆ ಇಲ್ಲವೆಂದು ತಿಳಿಯುವುದಕ್ಕಿಂತ, ಒಬ್ಬನು ಸೀಸೆಯನ್ನು ತರಲು, ಇನ್ನೊಬ್ಬನು ಕರುವನ್ನು ತರಲು ಏಕಕಾಲದಲ್ಲಿ ಹೊರಡುವುದು ಲೇಸು.

ಗಾಡಿಯಲ್ಲಾಗಲಿ ಆಟೋವಿನಲ್ಲಾಗಲಿ ಸಾಗಿಸುವಾಗ ಕರುವನ್ನು ಮಗ್ಗುಲಾಗಿ ಕೆಡವಬಾರದು. ಮೆಲುಕು ಹಾಕುವ ಪ್ರಾಣಿಗಳು ಮಗ್ಗುಲಾಗಿ ಬಿದ್ದರೆ ಹೊಟ್ಟೆ ಉಬ್ಬರಿಸಿ ಉಸಿರಿಗೆ ಮತ್ತಷ್ಟು ತೊಂದರೆಯಾಗುವುದು. ಎದೆಯ ಮೇಲೆ ಕೂರಿಸಿ, ಎರಡು ಪಕ್ಕಕ್ಕೂ ಹುಲ್ಲು ತುಂಬಿದ ಚೀಲಗಳನ್ನು ಒತ್ತಿಟ್ಟು, ಕತ್ತನ್ನು ಮುಂದಕ್ಕೆ ಚಾಚಿ, ಜೊಲ್ಲು ಹೊರಕ್ಕೆ ಹರಿಯುವಂತೆ ಮೂತಿಯನ್ನು ಸ್ವಲ್ಪ ಕೆಳಮುಖವಾಗಿ ಹಿಡಿದಿರಬೇಕು.

ಮಾಡಲಾಗದವುಗಳು

ಗೊಟ್ಟ ಹಾಕುವುದು ಎಲ್ಲಕ್ಕಿಂತ ಮೊದಲು ನಿಲ್ಲತಕ್ಕದ್ದು. ಬಿದಿರಿನ ಗೊಟ್ಟದಲ್ಲಿ ಸೊಪ್ಪಿನ ರಸವನ್ನೋ ಮೆಣಸಿನ ಕಷಾಯವನ್ನೋ ತುಂಬಿ, ಮೂತಿಯನ್ನು ಮೇಲಕ್ಕೆತ್ತಿ ಗಂಟಲಿಗೆ ಸುರಿಯುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ನಾಗರಹಾವು ಕಚ್ಚಿದ ಕರುವಿಗೆ ನುಂಗುವ ಶಕ್ತಿ ಇಲ್ಲವೆಂದು ಮೇಲೆ ಹೇಳಿದೆಯಷ್ಟೆ. ಸುರಿದ ರಸವು ಹೊಟ್ಟೆಗಿಳಿಯದೆ ನೇರವಾಗಿ ಶ್ವಾಸಕೋಶಕ್ಕೆ ಇಳಿಯುವುದು. ಕರು ಕೆಮ್ಮುವುದಕ್ಕೂ ಆರದೆ ಅಲ್ಲಿಯೇ ಪ್ರಾಣಬಿಡುವುದು, ಇಲ್ಲವೆ ಎರಡು ಮೂರು ದಿವಸಗಳ ಮೇಲೆ ಶ್ವಾಸಕೋಶ ಕೊಳೆತು ಸಾಯುವುದು. ಆಗ ಜನರು ವಿಷವು ಬಲವಾಗಿತ್ತೆಂದು ಹೇಳಿಕೊಳ್ಳುವರು. ಸೊಪ್ಪು ಯಾವುದೆಂಬ ಚರ್ಚೆಯೇ ಇಲ್ಲಿ ಅಪ್ರಕೃತ. ಹಾಲನ್ನು ಸುರಿದರೂ ಫಲ ಅದೇ.

ಕಾಲನ್ನು ಬಿಗಿಯಾಗಿ ಕಟ್ಟುವುದರಿಂದ ಮಂಡಲದ ವಿಷವು ಒಂದೇ ಕಡೆ ನಿಂತು ಮಾಂಸವನ್ನು ಕೊಳೆಸುವುದು, ರಕ್ತಸಂಚಾರ ನಿಂತು ಕಾಲೇ ಹೋಗುವುದೂ ಉಂಟು. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚದೆ ಡಾಕ್ಟರ ಎದುರಿನಲ್ಲಿಯೇ ಬಿಚ್ಚತಕ್ಕದ್ದು. ಗಾಯವನ್ನು ಕೊಯ್ಯುವುದು, ಕಿವಿ ಸೀಳಿ ರಕ್ತ ಬಿಡುವುದು, ಕಾಯಿಸಿದ ಕುಡುಗೋಲಿನಿಂದ ಬರೆ ಹಾಕುವುದು ಇವು ಹೆಪ್ಪುಗಟ್ಟದ ರಕ್ತವುಳ್ಳ ಪ್ರಾಣಿಗೆ ಮೃತ್ಯುಪ್ರಾಯ. ವಿಷಕಲ್ಲಿಗೆ ರಕ್ತದ ತೇವವನ್ನು ಹೀರಿಕೊಂಡು ಅಂಟಿಕೊಳ್ಳುವ ಗುಣವುಂಟು. ವಿಷವನ್ನು ಹೀರುವ ಗುಣವಿಲ್ಲ.

ನಾಡುಮದ್ದನ್ನು ಮಾತ್ರ ಹೀಗೆ ಜರೆಯುವುದು ನ್ಯಾಯವಲ್ಲ. ವಿದ್ಯಾವಂತರ ಮದ್ದೂ ಹೀಗೆಯೇ ತಪ್ಪಿದ್ದುಂಟು. 1904ರಲ್ಲಿ ಲಂಡನ್ನಿನ ಪ್ರಖ್ಯಾತ ವೈದ್ಯರಾದ ಲಾಡರ್ ಬ್ರಂಟನ್ ಮತ್ತು ಅವರ ಸಂಗಡಿಗರು ಕಚ್ಚಿದ ಜಾಗವನ್ನು ಕೊಯ್ದು ಪರ್ಮಾಂಗನೇಟ್ ಹರಳುಗಳನ್ನು ತಿಕ್ಕುವ ವಿಧಾನವನ್ನು ಪ್ರಚುರಪಡಿಸಿದರು. ಒಂದು ತುದಿಯಲ್ಲಿ ಚೂರಿ, ಇನ್ನೊಂದು ತುದಿಯಲ್ಲಿ ಹರಳುಗಳುಳ್ಳ ಸಣ್ಣ ಉಪಕರಣವು ಬಹುಕಾಲ ಬಳಕೆಯಲ್ಲಿತ್ತು. ಅದರಿಂದ ಮಾಂಸ ಸುಟ್ಟಿತೇ ವಿನಾ ಒಳಕ್ಕೆ ಹರಿದ ವಿಷವು ನಾಶವಾಗಲಿಲ್ಲವೆಂದು ಕ್ರಮೇಣ ಸಿದ್ಧವಾಗಿ ಅದು ಕೈಬಿಡಲ್ಪಟ್ಟಿತು.

ಮಂತ್ರದಿಂದ ಉಳಿದ ಕರುಗಳ ಮಾತು ಬಂದೇ ಬರುವುದು. ಕಚ್ಚಿದ್ದು ವಿಷವಿಲ್ಲದ ಹಾವಾಗಿದ್ದರೆ ಕರು ಹೇಗೂ ಉಳಿಯುವುದು. ವಿಷದ ಹಾವೂ ಪ್ರತಿಸಲವೂ ವಿಷ ಬಿಡುವುದಿಲ್ಲ. ಬರಿಯ ಹಲ್ಲೂರುವ ಒಣಕಡಿತಗಳು ಬೇಕಾದಷ್ಟು ಆಗುವುವು. ಮಂತ್ರ ಹಾಕುವವರ ಕೀರ್ತಿಯು ಬಹುಪಾಲು ಈ ಎರಡರ ಮೇಲೆಯೇ ನಿಂತಿದೆ. ಅವರು ಮನೆಯ ಹಿತೈಷಿಗಳಾಗಿದ್ದು ಬಾರದಿದ್ದರೆ ಮನಸ್ತಾಪವೆಂದಾದರೆ, ಗಾಡಿಯಲ್ಲಿ ಕರುವಿನ ಪಕ್ಕದಲ್ಲಿಯೇ ಕೂರಿಸಿಕೊಂಡು ಹೋಗಬಹುದು. ಮಂತ್ರವು ದಾರಿಯಲ್ಲಿಯೂ ನಡೆಯುವುದಷ್ಟೆ.

ಹಾವನ್ನು ಹೊಡೆದು ಆಸ್ಪತ್ರೆಗೆ ಒಯ್ಯುವ ಅಗತ್ಯವಿಲ್ಲ. ಅದನ್ನು ಹುಡುಕುವ ಗದ್ದಲದಲ್ಲಿ ಹೊತ್ತು ಹೋಗುವುದಲ್ಲದೆ ಮನುಷ್ಯನಿಗೇ ಕಡಿತ ಬೀಳುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧವೂ ಹೌದು. ದೂರದಿಂದ ಮೊಬೈಲಿನಲ್ಲಿ ಚಿತ್ರ ಹಿಡಿಯಲು ಸಾಧ್ಯವಾದರೆ ಸಾಕು. ಅದೂ ಆಗದಿದ್ದರೆ ಚಿಂತೆಯಿಲ್ಲ, ಏಕೆಂದರೆ ನಾಲ್ಕು ಹಾವಿಗೂ ಔಷಧ ಒಂದೇ.

ಪ್ರತ್ಯೌಷಧದ ವಿಚಾರ

1890ರ ದಶಕದಲ್ಲಿ ಫ್ರಾನ್ಸ್ ದೇಶದ ಕಾಲ್ಮೆಟ್ ಮೊದಲಾದ ಪಂಡಿತರು, ಪ್ರಾಣಿಗೆ ಹಾವಿನ ವಿಷವನ್ನು ಅತಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಚುಚ್ಚಿದರೆ ಅದರ ರಕ್ತದಲ್ಲಿ ವಿಷವನ್ನು ಹಿಡಿದು ನಿಷ್ಫಲಗೊಳಿಸುವ ದ್ರವ್ಯ ಹುಟ್ಟುವುದೆಂದು ಕಂಡುಹಿಡಿದರು. ಇಂದಿಗೂ ಇದೇ ಕ್ರಮ. ಮೇಲ್ಕಂಡ ನಾಲ್ಕು ಹಾವುಗಳ ವಿಷವನ್ನು ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಈ ದ್ರವ್ಯವನ್ನು ಬೇರ್ಪಡಿಸಿ, ಪುಡಿಯ ರೂಪದಲ್ಲಿ ಅಥವಾ ದ್ರವರೂಪದಲ್ಲಿ ಸೀಸೆಗಳಿಗೆ ತುಂಬುವರು. ಬೇಕಾದ ವಿಷವನ್ನು ತಮಿಳುನಾಡಿನಲ್ಲಿ 1978ರಲ್ಲಿ ಸ್ಥಾಪಿತವಾದ ಇರುಳ ಜನರ ಸಹಕಾರ ಸಂಘವು ಬಹುಕಾಲದಿಂದ ಒದಗಿಸುತ್ತ ಬಂದಿದೆ.

ಒಂದು ಸೀಸೆಯಿಂದ 10 ಮಿಲಿಲೀಟರ್ ಔಷಧವಾಗುವುದು. ಅದರ ಒಂದೊಂದು ಮಿಲಿಲೀಟರು ನಾಗರ ಅಥವಾ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು, ಕಟ್ಟುಹಾವು ಅಥವಾ ಗರಗಸಮಂಡಲದ 0.45 ಮಿಲಿಗ್ರಾಂ ವಿಷವನ್ನು ನಿವಾರಿಸುವಂತೆ ತಯಾರಿಸಲ್ಪಟ್ಟಿರುವುದು. ಅಂದರೆ ಸೀಸೆಯೊಂದಕ್ಕೆ ಕೊಳಕುಮಂಡಲದ ವಿಷ 6 ಮಿಲಿಗ್ರಾಂ. ಹಿಂದೆ ಹೇಳಿದ 60 ಮಿಲಿಗ್ರಾಂ ಲೆಕ್ಕವನ್ನು ನೆನೆದುಕೊಂಡರೆ ಒಂದೇ ಸೀಸೆಯಿಂದ ಎಲ್ಲವೂ ಮುಗಿಯಿತೆಂದು ಭಾವಿಸುವುದಕ್ಕಾಗದೆಂದು ತಾನಾಗಿ ತಿಳಿಯುವುದು. ಎಲ್ಲ ಕಡಿತಗಳೂ ಸಂಪೂರ್ಣ ಕಡಿತಗಳಲ್ಲವಾದ್ದರಿಂದ ಕೆಲವೇ ಸೀಸೆಗಳಿಂದ ಉಳಿದ ಕರುಗಳೂ ಇವೆ. ಸೀಸೆಯ ಬೆಲೆಯು ನೂರಾರು ರೂಪಾಯಿಗಳಾದ್ದರಿಂದ ಎಷ್ಟು ಸೀಸೆಗಳವರೆಗೆ ಹೋಗಬಹುದೆಂಬುದನ್ನು ಡಾಕ್ಟರು ಸ್ಥಿತಿ ನೋಡಿ ಹೇಳುವರು, ಯಜಮಾನನು ತನ್ನ ಶಕ್ತಿ ನೋಡಿ ಒಪ್ಪಬೇಕು. ಒಳ್ಳೆಯ ತಳಿಯ ಹಳ್ಳಿಕಾರ್ ಹೋರಿಕರುವಿಗೂ, ಹಾಲಿನ ಹಸುವಿನ ಹೆಣ್ಣುಗರುವಿಗೂ ಈ ಖರ್ಚು ಸಲ್ಲುವುದೆಂದು ನನ್ನ ಅಭಿಪ್ರಾಯ. ಒಂದೇ ಒಂದು ಕುರಿಮರಿಗೆ ಐದಾರು ಸೀಸೆ ಹಾಕಿಸಿರೆಂದು ನಾನು ಯಾರಿಗೂ ಬುದ್ಧಿ ಹೇಳಲಾರೆ.

ಈ ಔಷಧವು ರಕ್ತದಲ್ಲಿ ಅಲೆಯುತ್ತಿರುವ ವಿಷವನ್ನು ಹಿಡಿಯುವುದೇ ಹೊರತು ಆಗಲೇ ಕೊಳೆತ ಮಾಂಸವನ್ನೂ ಕೆಟ್ಟ ಮೂತ್ರಪಿಂಡವನ್ನೂ ಸರಿಪಡಿಸಲಾರದು. ಕಟ್ಟುಹಾವಿನ ವಿಷವು ನರದ ತುದಿಗಳಲ್ಲಿ ಒಮ್ಮೆ ಕುಳಿತರೆ ಅದನ್ನು ಎಬ್ಬಿಸುವುದೂ ಕಷ್ಟ. ನಾಗರಹಾವಿನ ವಿಷಕ್ಕೆ ಜೊತೆಯಲ್ಲಿ ನಿಯೋಸ್ಟಿಗ್ಮಿನ್ ಎಂಬ ಔಷಧವನ್ನು ಕೊಡುವ ಕ್ರಮವಿದೆ. ಕುದುರೆಯ ರಕ್ತದಿಂದ ಬಂದದ್ದಾದಕಾರಣ ಕೆಲವು ಪ್ರಾಣಿಗಳಿಗೆ ಈ ಪ್ರತ್ಯೌಷಧವು ಒಗ್ಗದೆ ಥಟ್ಟನೆ ನಡುಕ, ಉಬ್ಬಸ ಬರಬಹುದು. ಅದಕ್ಕಾಗಿ ಡಾಕ್ಟರು ಅಡ್ರಿನಲಿನ್ ಔಷಧವನ್ನು ಕೈಯಲ್ಲಿಯೇ ಇಟ್ಟುಕೊಂಡಿರುವರು. ಇದನ್ನು ಮನೆಯಲ್ಲಿ ಯಾರೂ ಚುಚ್ಚಲಾಗದೆಂಬುದಕ್ಕೆ ಇಷ್ಟೇ ಸಾಕು. ಮಲೆನಾಡಿನ ಕಾಡುಗಳಲ್ಲಿರುವ ಗುಳಿಮಂಡಲಗಳ ವಿಷವು ಈ ಔಷಧದ ಲೆಕ್ಕಕ್ಕೆ ಸೇರಿಲ್ಲ; ಅಲ್ಲಿ ಊತಕ್ಕೂ ನೋವಿಗೂ ತಕ್ಕ ಉಪಚಾರವೇ ಗತಿ.

ಬದುಕಿದ ಕರುವಿನ ಆರೈಕೆಯಲ್ಲಿ ಎರಡು ಎಚ್ಚರಿಕೆಗಳು ಬೇಕು. ನುಂಗುವುದು ಸರಿಯಾಯಿತೆಂದು ಡಾಕ್ಟರು ಹೇಳುವವರೆಗೆ ಬಾಟಲಿನಲ್ಲಿ ಹಾಲು ಕುಡಿಸಬಾರದು. ಅಲ್ಲಿಯವರೆಗೆ ಅವರೇ ಕೊಳವೆಯ ಮೂಲಕ ಹೊಟ್ಟೆಗೆ ಕೊಡಿಸುವರು. ಕಡಿತದ ಜಾಗದಲ್ಲಿ ಚರ್ಮ ಉದುರಿ ಹುಣ್ಣಾದರೆ ಬೇವಿನೆಣ್ಣೆಗೆ ಕರ್ಪೂರ ಕಲಸಿ ಅಂಚಿಗೆ ಸವರಿ ನೊಣ ಕೂರದಂತೆ ನೋಡಿಕೊಳ್ಳಬೇಕು. ಹುಳು ಬಿದ್ದ ಹುಣ್ಣಿನಿಂದ, ವಿಷದಿಂದ ಪಾರಾದ ಕರು ಹೋಗುವುದುಂಟು.

ಕೊಟ್ಟಿಗೆಯೂ ರೊಪ್ಪವೂ

ಹಾವು ಕರುವನ್ನು ಹುಡುಕಿಕೊಂಡು ಬರುವುದಿಲ್ಲ. ಇಲಿಯನ್ನು ಹುಡುಕಿಕೊಂಡು ಬರುವುದು. ಇಲಿಯು ಕಾಳನ್ನೂ ತೌಡನ್ನೂ ಹುಡುಕಿಕೊಂಡು ಬರುವುದು. ಆದುದರಿಂದ ಹಿಂಡಿಯ ಚೀಲವನ್ನು ತಗಡಿನ ಡಬ್ಬಿಯಲ್ಲಿ ಇಟ್ಟವನು ಹಾವಿನ ದಾರಿಯನ್ನು ಅರ್ಧ ಮುಚ್ಚಿದಂತೆಯೇ. ಬಣವೆ, ಸೌದೆಯ ರಾಶಿ, ಬೆರಣಿಯ ಒಟ್ಟಿಲು ಇವುಗಳ ಮಗ್ಗುಲಲ್ಲಿ ಕರುವಿನ ಗೂಟವಿರಬಾರದು. ಅನೇಕರು ಮಳೆಯ ನೀರು ತಗಲದೆಂದು ಬಣವೆಯ ನೆರಳಿನಲ್ಲಿಯೇ ಕರು ಕಟ್ಟುವುದನ್ನು ಪ್ರವಾಸದಲ್ಲಿ ನೋಡುತ್ತಲೇ ಇರುತ್ತೇನೆ. ಕೊಟ್ಟಿಗೆಯ ಗೋಡೆಯ ಬಿಲಗಳನ್ನು ಗಾಜಿನ ಚೂರು ಬೆರಸಿದ ಗಾರೆಯಿಂದ ಮುಚ್ಚಿ, ಮೋರಿಯ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆ ಹಾಕತಕ್ಕದ್ದು. ಸುತ್ತಲೂ ನಾಲ್ಕು ಮಾರು ಹುಲ್ಲು ಕೀಳಿಸಿ ನೆಲವನ್ನು ಬೋಳಾಗಿಟ್ಟರೆ ಹಾವು ಆ ಬಯಲನ್ನು ದಾಟಲು ಹಿಂಜರಿಯುವುದು. ಕುರಿಯ ರೊಪ್ಪಕ್ಕೆ ಒಣಮುಳ್ಳಿನ ಬೇಲಿಯ ಬುಡದಲ್ಲಿ ಕಲ್ಲು ಒಟ್ಟುವ ವಾಡಿಕೆಯು ಗರಗಸಮಂಡಲಕ್ಕೆ ಮನೆ ಕಟ್ಟಿಕೊಟ್ಟಂತೆ. ಎಳೆಮರಿಗಳನ್ನು ಮಂಕರಿಯಡಿಯಲ್ಲಿ ಮುಚ್ಚುವವರು ಮುಚ್ಚುವುದಕ್ಕೆ ಮುಂಚೆ ಒಳಗೆ ದೀಪ ಹಿಡಿದು ನೋಡತಕ್ಕದ್ದು. ಮುಂಜಾನೆ ಎತ್ತುವಾಗಲೂ ಬರಿಗೈ ಹಾಕದೆ ಕೋಲಿನಿಂದ ಎತ್ತತಕ್ಕದ್ದು.

ಮನುಷ್ಯರಿಗೆ ಹಾವು ಕಚ್ಚಿದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರವು 2024ರಲ್ಲಿ ಆಜ್ಞೆ ಮಾಡಿತು. ಕರುಗಳ ಸಾವಿಗೂ ಒಂದು ಪುಸ್ತಕವನ್ನು ಗ್ರಾಮದಲ್ಲಿಯೇ ಇಟ್ಟು, ದಿನಾಂಕ, ಮೇಯ್ದ ಸ್ಥಳ, ವಯಸ್ಸು, ಕಂಡ ಗುರುತು ಇವನ್ನು ಬರೆಯುತ್ತ ಹೋದರೆ, ಎಂಟು ದಿನಗಳಲ್ಲಿ ಮೂರು ಸಾವು ಒಂದೇ ಪುಟದಲ್ಲಿ ಕಂಡಾಗ ಅದು ಹಾವೋ ಚಪ್ಪೆಯೋ ಎಂಬ ಸಂದೇಹವು ಸಕಾಲದಲ್ಲಿ ಹುಟ್ಟುವುದು. ವಿಮೆ ಮಾಡಿಸಿದ ಪ್ರಾಣಿಯಾಗಿದ್ದರೆ ಹೂಳುವುದಕ್ಕೆ ಮುಂಚೆ ಪಶುವೈದ್ಯರನ್ನು ಕರೆಸಿ ದೃಢೀಕರಣ ಪತ್ರವನ್ನು ಪಡೆಯುವುದು ಅವಶ್ಯ. ಅದೇ ಪುಸ್ತಕದ ರಟ್ಟಿನ ಮೇಲೆ ಹತ್ತಿರದ ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆ, ಪ್ರತ್ಯೌಷಧ ಸಿಗುವ ಅಂಗಡಿಯ ಸಂಖ್ಯೆ, ರಾತ್ರಿಯಲ್ಲಿ ಕರೆದರೂ ಬರುವ ಗಾಡಿಯವರ ಸಂಖ್ಯೆ ಈ ಮೂರನ್ನು ದಪ್ಪಕ್ಷರದಲ್ಲಿ ಬರೆದಿಟ್ಟು, ಪ್ರತಿವರ್ಷವೂ ಮುಂಗಾರಿಗೆ ಮುಂಚೆ ಒಮ್ಮೆ ಆ ಸಂಖ್ಯೆಗಳಿಗೆ ಕರೆಮಾಡಿ ಸರಿಯಾಗಿವೆಯೇ ಎಂದು ನೋಡಿಕೊಳ್ಳತಕ್ಕದ್ದು.